ಬ್ರೇಕಿಗೆ ಹಾಕಿದ ಕೊಸರು

ಈ ಕೆಲಸ ಕಲಿಯಬೇಕೆಂದು ಯಾರೇ ನನ್ನ ಹತ್ತಿರ ಬಂದರೂ ನಾನು ಮೊದಲು ಹೇಳುವ ಮಾತು ಒಂದೇ: ಹೋಗಿ ಕೈ ತೊಳೆದುಕೊಂಡು ಬನ್ನಿ. ಬಂದವರು ಮುಖ ಮುಖ ನೋಡುತ್ತಾರೆ. ಸೈಕಲ್ ಮಿಸ್ತ್ರಿ ಎಂದರೆ ಮೊಣಕೈವರೆಗೆ ಕರಿ ಮೆತ್ತಿಕೊಂಡವನು ಎಂದೇ ಎಲ್ಲರ ಲೆಕ್ಕ. ನಾನೂ ಹಾಗೆಯೇ ತಿಳಿದು ಮೂವತ್ತೈದು ವರ್ಷ ಬಾಳಿದವನು. ಅಷ್ಟೂ ವರ್ಷ ನನ್ನ ಹೆಂಡತಿ ಕಾಶೀಬಾಯಿ ಊಟಕ್ಕೆ ಕೂರುವ ಮೊದಲು ಕೈ ತೊಳೆಯಿರಿ ಎಂದು ಬೆನ್ನು ಹತ್ತಿದ್ದಳು. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಬಂದ ಮೇಲೆ ಕೆಲಸಕ್ಕೆ ಕೂರುವ ಮೊದಲೂ ನಾನು ಸಾಬೂನು ಹಚ್ಚತೊಡಗಿದೆ. "ನಾ ಹೇಳಿದ್ರ ಕೇಳ್ಲಿಲ್ಲ, ಆ ತಾಟಿನಂಥ ತಗಡು ಹೇಳಿದ್ರ ಕೇಳ್ತೀರಿ ನೋಡ್ರಿ," ಎಂದು ಅವಳು ಇಂದಿಗೂ ಹಂಗಿಸುತ್ತಾಳೆ.

ಆಳಂದದ ನನ್ನ ಅಂಗಡಿಯನ್ನು ಬೇರೆಯವರಿಗೆ ಒಪ್ಪಿಸಿ ಎರಡು ವರ್ಷವಾಯಿತು. ಬೆರಳುಗಳು ನಡುಗುತ್ತವೆ. ಸಣ್ಣ ಸ್ಕ್ರೂ ಹಿಡಿದರೆ ಅದು ಎಲ್ಲೋ, ನಾನು ಎಲ್ಲೋ. ಈಗ ಅಂಗಡಿ ನಡೆಸುತ್ತಿರುವವರು ನಿಮ್ಮ ಅನುಭವ ಬರೆದು ಕೊಡಿ ಎಂದು ಗಂಟು ಬಿದ್ದಿದ್ದಾರೆ. ಬ್ರೇಕನ್ನು ಹೇಗೆ ಬಿಚ್ಚಬೇಕು, ಹೇಗೆ ಕೂಡಿಸಬೇಕು ಎಂಬುದನ್ನು ಮೊಬೈಲು ನನಗಿಂತ ಚೆನ್ನಾಗಿ ಹೇಳುತ್ತದೆ. ನಾನು ಕೆಡಿಸಿದ್ದನ್ನು ಮಾತ್ರ ನಾನೇ ಹೇಳಬೇಕು.

ನನಗೆ ಇಬ್ಬರು ಗುರುಗಳು. ಇಬ್ಬರೂ ಈಗಿಲ್ಲ. ಅವರನ್ನು ನೆನೆದರೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಆದರೆ ಈ ಹೊಸ ಬ್ರೇಕಿನ ವಿಷಯದಲ್ಲಿ ನನ್ನನ್ನು ಹಳ್ಳಕ್ಕೆ ಬೀಳಿಸಿದ್ದು ಅವರಿಬ್ಬರು ಕಲಿಸಿದ ಒಳ್ಳೆಯ ಪಾಠಗಳೇ.

ಮೊದಲನೆಯವರು ಅಫಜಲಪುರದ ಚಾಂದಸಾಬ್ ಉಸ್ತಾದರು. ಅವರ ವೈದ್ಯದಲ್ಲಿ ಔಷಧಿ ಒಂದೇ, ಎಣ್ಣೆ. ಚೈನು ಕಿರುಗುಟ್ಟಿದರೆ ಎಣ್ಣೆ, ಪೆಡಲು ಬಿಗಿಯಾದರೆ ಎಣ್ಣೆ, ಬೆಲ್ಲು ಬಾರದಿದ್ದರೆ ಎಣ್ಣೆ. ತುದಿ ಕೊಕ್ಕಿನಂತೆ ಬಾಗಿದ ಅವರ ತಗಡಿನ ಎಣ್ಣೆ ಡಬ್ಬಿ ಸದಾ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಎಡ ಜೇಬಿನ ಮೇಲಿನ ಕಲೆ ನೋಡಿಯೇ ಉಸ್ತಾದರ ಅಂಗಿ ಎಂದು ಅಗಸರು ಗುರುತಿಸುತ್ತಿದ್ದರು. "ಎಣ್ಣಿ ಕುಡಸು ಬೇಟಾ, ಕಬ್ಬಣಕ್ಕ ಬಾಯಿ ಇರಂಗಿಲ್ಲ. ಅದರ ತಕ್ಲೀಫ್ ನೀನೇ ತಿಳ್ಕೋಬೇಕು," ಎನ್ನುತ್ತಿದ್ದರು. ನಾನು ತಿಳಿದುಕೊಂಡೆ. ಆ ಡಬ್ಬಿಯಂಥದೇ ಒಂದು ನನ್ನ ಜೇಬಿಗೂ ಬಂತು.

ಎರಡನೆಯವರು ಜೇವರ್ಗಿಯ ಬಸಲಿಂಗಪ್ಪ ಶೇಠರು. ಅವರ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದೆ. ಬಾಯಿ ಜೋರು, ಕೈ ಧಾರಾಳ. ನಮ್ಮ ಕಡೆ ಜೋಳ ಅಳೆದು ಕೊಡುವವರು ಸೇರು ತುಂಬಿದ ಮೇಲೆ ಇನ್ನೊಂದು ಹಿಡಿ ಕೊಸರು ಹಾಕದೆ ಕೈ ತೆಗೆಯುವುದಿಲ್ಲ. ಶೇಠರು ಅದನ್ನು ಸೈಕಲ್ ಅಂಗಡಿಗೂ ತಂದಿದ್ದರು. ಗಾಳಿ ಹೊಡೆಯುವಾಗ ಟೈರು ಗಟ್ಟಿಯಾದ ಮೇಲೆ ಎರಡು ಪಂಪು ಕೊಸರು. ಗ್ರೀಸು ಹಚ್ಚಿದ ಮೇಲೆ ಒಂದು ಬೆರಳು ಕೊಸರು. ಅಂದೋಲಾ ಕಡೆಯಿಂದ ಬರುವ ರೈತರು "ಶೇಠ್ರ, ನಮ್ಮ ಎರಡು ಪಂಪು?" ಎಂದು ಹಕ್ಕಿನಿಂದ ಕೇಳಿ ಹೊಡೆಸಿಕೊಂಡು ಹೋಗುತ್ತಿದ್ದರು. ಬಿಸಿಲಿಗೆ ಒಂದೊಂದು ಟ್ಯೂಬು ಢಂ ಎನ್ನುತ್ತಿತ್ತು. ಶೇಠರು ಅದನ್ನೂ ಪುಕ್ಕಟೆ ಹಚ್ಚಿಕೊಟ್ಟು, ಮತ್ತೆ ಎರಡು ಪಂಪು ಕೊಸರು ಹೊಡೆಸುತ್ತಿದ್ದರು. ಒಮ್ಮೆ ನಾನು ಕೊಸರು ಮರೆತದ್ದಕ್ಕೆ ಗಿರಾಕಿಯ ಮುಂದೆಯೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಲೇ ಶರಣಪ್ಪ, ಅಳತಿ ಮಾಡಿ ಕೊಟ್ಟಿದ್ದು ಅಂಗಡಿದು. ಮ್ಯಾಲ ಹಾಕಿದ್ದು ನಮ್ಮದು. ನಿನ್ನದು ಅಂತ ಏನರೆ ಕೊಟ್ಟೀಯೇನಲೇ ಅವಗ?" ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ಆಳಂದದಲ್ಲಿ ಸ್ವಂತ ಅಂಗಡಿ ಹಾಕಿ ಬಹಳ ವರ್ಷವಾದ ಮೇಲೆ ಡಿಸ್ಕ್ ಬ್ರೇಕಿನ ಮೊದಲ ಸೈಕಲ್ ಬಂತು. ನಮ್ಮೂರಿನ ಡಾಕ್ಟರ್ ನಾಗನಾಥ ಅವರದು. ಹೊಟ್ಟೆ ಕರಗಿಸಲು ದಪ್ಪ ಟೈರಿನ ಮೌಂಟೇನ್ ಬೈಕ್ ತಂದಿದ್ದರು. ಚಕ್ರದ ನಡುವೆ ತೆಳ್ಳನೆಯ ಉಕ್ಕಿನ ತಟ್ಟೆ. ಅದನ್ನು ಎರಡೂ ಕಡೆಯಿಂದ ಹಿಡಿಯಲು ಎರಡು ಪ್ಯಾಡು, ಪ್ಯಾಡಿನ ಹಿಂದೆ ಪಿಸ್ಟನ್ನು. ಹ್ಯಾಂಡಲಿನ ಲಿವರ್ ಒತ್ತಿದರೆ ಕೊಳವೆಯಲ್ಲಿರುವ ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡು ತಟ್ಟೆಯನ್ನು ಕಚ್ಚುತ್ತದೆ. ಇಷ್ಟೇ ಯಂತ್ರ. ಆದರೆ ಆವತ್ತು ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಬ್ರೇಕ್ ಹಿಡಿದಾಗ ನವಿಲು ಕೂಗಿದ ಹಾಗೆ ಕೂಗುತ್ತದೆ ಎಂದು ಡಾಕ್ಟರು ಹೇಳಿದರು. ಕಬ್ಬಿಣದ ತಕ್ಲೀಫು ತಿಳಿಯುವ ಉಸ್ತಾದರ ಶಿಷ್ಯ ನಾನು. ಜೇಬಿನಿಂದ ಡಬ್ಬಿ ತೆಗೆದು ತಟ್ಟೆಯ ಮೇಲೆ ಅತ್ತ ಮೂರು ಹನಿ, ಇತ್ತ ಮೂರು ಹನಿ ಬಿಟ್ಟೆ. ಕೂಗು ನಿಂತಿತು. ಡಾಕ್ಟರು ನನ್ನ ಬೆನ್ನು ತಟ್ಟಿ ಹೊರಟರು.

ಅರ್ಧ ಗಂಟೆಗೆ ಅವರು ಸೈಕಲ್ ತಳ್ಳಿಕೊಂಡು ವಾಪಸು ಬಂದರು. ತಲೆಗೂದಲಲ್ಲಿ ಜೋಳದ ಕಣಿಕೆ ಸಿಕ್ಕಿತ್ತು, ಒಂದು ಚಪ್ಪಲಿ ಇರಲಿಲ್ಲ. ಊರ ಹೊರಗಿನ ಇಳಿಜಾರಿನಲ್ಲಿ ಬ್ರೇಕ್ ಹತ್ತದೆ ಯಾರದೋ ಕಣಿಕೆಯ ಬಣವೆಗೆ ನುಗ್ಗಿದ್ದರಂತೆ.

"ಶರಣಪ್ಪ, ಅದರ ಬಾಯಿ ಮುಚ್ಚಿಸಿದಿ, ಖರೆ. ಕೈನೂ ಕಟ್ಟಿಬಿಟ್ಟೀಯಲ್ಲೋ ಮಾರಾಯ!" ಎಂದರು.

ನಾನು ಕಾಲು ಹಿಡಿಯಲು ಬಾಗಿದೆ. ಅವರು ಬೇಡ ಎಂದು ನಕ್ಕು, ಸೈಕಲ್ ಅಲ್ಲೇ ಬಿಟ್ಟು ದವಾಖಾನೆಗೆ ಹೋಗಿ, ಗಾಯ ಒರೆಸುವ ಸ್ಪಿರಿಟ್ ಬಾಟಲಿ ತಂದು ಕೊಟ್ಟರು. ತಟ್ಟೆಯನ್ನು ಅದರಿಂದ ಒರೆಸಿ ಉಳಿಸಿಕೊಂಡೆ. ಪ್ಯಾಡು ಮಾತ್ರ ಎಣ್ಣೆ ಕುಡಿದು ಸತ್ತಿತ್ತು. ಒಮ್ಮೆ ಎಣ್ಣೆ ಕುಡಿದ ಪ್ಯಾಡನ್ನು ಒರೆಸಿ, ಸುಟ್ಟು, ತಿಕ್ಕಿ ನಂಬುವುದು ಬೇಡ, ಎಸೆಯಿರಿ. ನಾನು ಆ ಜೋಡಿಯಲ್ಲಿ ಒಂದನ್ನು ಎಸೆಯದೆ ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೆ. ಈಗಲೂ ಅಲ್ಲೇ ಇದೆ. ಉಸ್ತಾದರ ನಮೂನೆಯ ಆ ಡಬ್ಬಿಯನ್ನು ಜೇಬಿನಿಂದ ತೆಗೆದು ಮೇಲಿನ ಹಲಗೆಗೆ ಇಟ್ಟದ್ದೂ ಆ ದಿನವೇ.

ಆಮೇಲೆ ಡಾಕ್ಟರೇ ನನಗೆ ಮೂರನೆಯ ಗುರುವಾದರು. ಕೆಲವು ತಿಂಗಳಲ್ಲಿ ಅವರ ಲಿವರು ಹಿಟ್ಟಿನ ಮುದ್ದೆ ಒತ್ತಿದ ಹಾಗೆ ಮೆತ್ತಗಾಯಿತು. ಕೊಳವೆಯೊಳಗೆ ಗಾಳಿ ಸೇರಿತ್ತು. ಇಂಗ್ಲಿಷಿನಲ್ಲಿ ಬ್ಲೀಡಿಂಗ್ ಎನ್ನುತ್ತಾರೆ, ನಾವು ಅಂಗಡಿಯಲ್ಲಿ ಗಾಳಿ ತೆಗೆಯುವುದು ಎನ್ನುತ್ತಿದ್ದೆವು. ಮೊಬೈಲಿನಲ್ಲಿ ಯಾರೋ ಪರದೇಶದವನು ಅದನ್ನು ಮಾಡಿ ತೋರಿಸುತ್ತಿದ್ದ. ಅವನ ಒಂದು ಮಾತೂ ತಿಳಿಯದು, ಕೈ ಮಾತ್ರ ಕಾಣಿಸುತ್ತಿತ್ತು. ನಾನು ಹನ್ನೆರಡು ಸಲ ನೋಡಿ ಹದಿಮೂರನೆಯ ಸಲಕ್ಕೆ ಸೋತು ದವಾಖಾನೆಗೆ ಹೋದೆ. ಡಾಕ್ಟರು ಒಂದು ಸಿರಿಂಜಿಗೆ ನೀರು ತುಂಬಿ, ಬಾಯಿ ಮೇಲೆ ಮಾಡಿ ಹಿಡಿದು, ಉಗುರಿನಿಂದ ಟಕ್ ಟಕ್ ಎಂದು ಹೊಡೆದರು. ಸಣ್ಣ ಗುಳ್ಳೆಗಳು ಮೇಲೆ ಬಂದವು. "ಇಷ್ಟ ನೋಡಪಾ. ಗಾಳಿ ಒತ್ತಿದ್ರ ಕುಗ್ತದ, ಎಣ್ಣಿ ಕುಗ್ಗಂಗಿಲ್ಲ. ಗಾಳಿ ಮ್ಯಾಲ ಹೋಗಾಕ ದಾರಿ ನೋಡ್ತದ. ನೀ ಅವಸರ ಮಾಡ್ಲಿಲ್ಲ ಅಂದ್ರ ತಾನೇ ಹೋಗ್ತದ."

ನನ್ನ ಇಡೀ ಬ್ರೇಕ್ ವಿದ್ಯೆ ಅಷ್ಟೇ. ಚಕ್ರ ಬಿಚ್ಚಿ, ಪ್ಯಾಡು ತೆಗೆದು ದೂರ ಇಡಿ. ಪಿಸ್ಟನ್ನುಗಳನ್ನು ಹಿಂದಕ್ಕೆ ತಳ್ಳಿ, ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಕೆಳಗಿನಿಂದ ಸಿರಿಂಜಿನಲ್ಲಿ ಎಣ್ಣೆ ನಿಧಾನ ತಳ್ಳಿ. ಕೊಳವೆಯನ್ನು ಬೆರಳಿನಿಂದ ತಟ್ಟುತ್ತ ಬನ್ನಿ. ಮೇಲೆ ಲಿವರಿನ ಬಾಯಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಿರಿ. ಜೋರಾಗಿ ತಳ್ಳಿದರೆ ಒಂದು ಗುಳ್ಳೆ ನೂರು ಗುಳ್ಳೆಯಾಗುತ್ತದೆ. ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತು. ಬ್ರೇಕ್ ಎಣ್ಣೆ ಎಲ್ಲ ಒಂದೇ ಅಲ್ಲ. ಕಾರಿಗೆ ಹಾಕುವುದೇ ಬೇರೆ, ಬಹಳಷ್ಟು ಸೈಕಲ್ಲುಗಳಿಗೆ ಹಾಕುವ ಮಿನರಲ್ ಆಯಿಲ್ಲೇ ಬೇರೆ. ಯಾವುದು ಬೇಕೆಂದು ಲಿವರಿನ ಮೇಲೆ ಬರೆದಿರುತ್ತದೆ. ಅದನ್ನು ಓದದೆ ಕೈಗೆ ಸಿಕ್ಕಿದ್ದನ್ನು ಹಾಕಿ ಒಬ್ಬರ ಬ್ರೇಕಿನೊಳಗಿನ ರಬ್ಬರನ್ನೆಲ್ಲ ಉಬ್ಬಿಸಿ ಕೂತವನು ನಾನು.

ಸಿರಿಂಜಿಗಾಗಿ ಮೇಲಿಂದ ಮೇಲೆ ಔಷಧಿ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿಯವನು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಕಾಕಾ, ಸಿಟ್ಟಾಗಬ್ಯಾಡ್ರಿ, ಏನರೆ ಚಟ ಹತ್ತ್ಯದೇನು? ಮನ್ಯಾಗ ಹೇಳ್ಲೇನು?" ಎಂದು ಬಹಳ ಕಳಕಳಿಯಿಂದ ಕೇಳಿದ. ಸೈಕಲ್ಲಿಗೆ ಎಂದು ಹೇಳಿದೆ. ಅವನು ನಂಬಲಿಲ್ಲ. ಸಂಜೆ ಅಂಗಡಿಗೇ ಬಂದು ನಿಂತು, ಸಿರಿಂಜು ಸೈಕಲ್ಲಿಗೇ ಚುಚ್ಚಿರುವುದನ್ನು ನೋಡಿ ಸಮಾಧಾನಪಟ್ಟು ಹೋದ.

ಹಿರೋಳ್ಳಿಯಿಂದ ಟೆಂಪೋ ಮೇಲೆ ಬಂದ ಒಂದು ಸೈಕಲ್ ನೆನಪಿದೆ. ಜಾಗ ಉಳಿಯಲಿ ಎಂದು ಚಕ್ರ ಬಿಚ್ಚಿ ಹಾಕಿದ್ದರು. ದಾರಿಯುದ್ದಕ್ಕೂ ಟೆಂಪೋದಲ್ಲಿ ಕೂತವರೆಲ್ಲ ಇದ್ಯಾವ ನಮೂನಿ ಬ್ರೇಕು ಎಂದು ಒಬ್ಬರಾದ ಮೇಲೆ ಒಬ್ಬರು ಲಿವರು ಒತ್ತಿ ನೋಡಿದ್ದಾರೆ. ನಡುವೆ ತಟ್ಟೆ ಇಲ್ಲದ್ದರಿಂದ ಎರಡು ಪ್ಯಾಡುಗಳೂ ಒಂದಕ್ಕೊಂದು ಅಪ್ಪಿಕೊಂಡು ಕೂತಿದ್ದವು. ಬಿಡಿಸಲು ಒಂದು ತಾಸು ಹಿಡಿಯಿತು. ಚಕ್ರ ಬಿಚ್ಚಿದಾಗ ಪ್ಯಾಡುಗಳ ನಡುವೆ ಒಂದು ರಟ್ಟಿನ ತುಂಡಾದರೂ ಸಿಕ್ಕಿಸಿ. ಲಿವರು ಕಂಡರೆ ಒತ್ತದೆ ಇರುವ ಮನುಷ್ಯನನ್ನು ನಾನು ನಮ್ಮ ಮೂರು ತಾಲ್ಲೂಕಿನಲ್ಲಿ ಕಂಡಿಲ್ಲ.

ಇವೆಲ್ಲ ನಗುವ ಮಾತು. ಈಗ ಹೇಳುವುದಕ್ಕೆ ನನಗೆ ನಗು ಬರುವುದಿಲ್ಲ.

ಕಲಾವತಿ ಅಕ್ಕೋರು ಮಟಕಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮನೆ ಆಳಂದದಲ್ಲಿ, ನಮ್ಮ ಓಣಿಯ ಆಚೆ. ಮದುವೆಗೆ ಮೊದಲಿನಿಂದಲೂ ಸೈಕಲ್ ಮೇಲೆ ಶಾಲೆಗೆ ಹೋದವರು. ಐವತ್ತು ದಾಟಿದ ಮೇಲೆ ಒಂದು ಮುಂಜಾನೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಒಂದು ವರ್ಷ ಹಟ ಹಿಡಿದು ಕಸರತ್ತು ಮಾಡಿ ನಡೆದಾಡುವಂತಾದರು, ಶಾಲೆಗೂ ಹೋದರು, ಆದರೆ ಆಟೋದಲ್ಲಿ. ಹಳೆಯ ಸೈಕಲ್ಲಿನ ಬ್ರೇಕನ್ನು ಆ ಬಲಗೈ ಒತ್ತಲಾರದಾಗಿತ್ತು. ಸೋಲಾಪುರದಲ್ಲಿದ್ದ ಅವರ ತಂಗಿಯ ಮಗ ಡಿಸ್ಕ್ ಬ್ರೇಕಿನ ತನ್ನ ಮೌಂಟೇನ್ ಬೈಕ್ ತಂದು ಕೊಟ್ಟ. ಅದನ್ನು ತೆಗೆದುಕೊಂಡು ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಗೆ ಬಂದರು.

ನಾನು ಗಾಳಿ ತೆಗೆದು, ಲಿವರನ್ನು ಅವರ ಬೆರಳಿಗೆ ಎಟುಕುವಷ್ಟು ಹತ್ತಿರ ತಂದು, ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಮುಂದಿನ ಚಕ್ರ ಜೋರಾಗಿ ತಿರುವಿದೆ. "ಒಂದ ಬೆರಳು ಸಾಕ್ರಿ ಅಕ್ಕೋರೆ, ಒತ್ತ್ರಿ," ಎಂದೆ. ಅವರು ಬಲಗೈಯ ನಡುಬೆರಳನ್ನು ಎಡಗೈಯಿಂದ ಎತ್ತಿ ಲಿವರಿನ ಮೇಲೆ ಇಟ್ಟುಕೊಂಡರು. ಒತ್ತಿದರು. ಚಕ್ರ ಗಕ್ಕನೆ ನಿಂತಿತು.

"ಇದನ್ನ ನಿಲ್ಲಿಸಿದ್ದು ನಾನೇ ಏನ್ರಿ?" ಎಂದು ಕೇಳಿದರು.

"ನೀವೇ ರೀ. ನಾ ಮುಟ್ಟೇ ಇಲ್ಲ."

ಅವರು ಮತ್ತೆ ತಿರುವಲು ಹೇಳಿದರು. ಮತ್ತೆ ನಿಲ್ಲಿಸಿದರು. ಹೀಗೆ ಹತ್ತು ಸಲ. ಅವರ ಯಜಮಾನರು ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದರು. "ಆತು, ಹೊಡಿ. ಆದ್ರ ಮೈಯಾಗ ಜರಾ ಹೆಚ್ಚು ಕಮ್ಮಿ ಅನ್ನಿಸ್ತು ಅಂದ್ರ ಆವತ್ತಿಗೇ ಬಂದ್. ಮತ್ತ ಸೈಕಲ್ ಹೆಸರು ಎತ್ತಂಗಿಲ್ಲ," ಎಂದರು. ಅಕ್ಕೋರು ಹೂಂ ಎಂದರು. ಮರುದಿನದಿಂದ ಮುಂಜಾನೆ ನನ್ನ ಅಂಗಡಿಯ ಮುಂದೆ ಅವರ ಬೆಲ್ಲಿನ ಸದ್ದು ಶುರುವಾಯಿತು. ಲಕ್ವಾ ಹೊಡೆದವರು ಸೈಕಲ್ ಹೊಡೆಯುವುದನ್ನು ನೋಡಲು ಓಣಿಯವರು ಕೆಲವು ದಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆಮೇಲೆ ಅದೂ ರೂಢಿಯಾಯಿತು.

ಏಪ್ರಿಲ್ ತಿಂಗಳಲ್ಲಿ ಪ್ಯಾಡು ಸವೆದಿವೆ ಎಂದು ಸೈಕಲ್ ತಂದು ಬಿಟ್ಟರು. ಹೊಸ ಪ್ಯಾಡು ಹಾಕಿದೆ, ಹೊಸ ಎಣ್ಣೆ ತುಂಬಿದೆ, ಗಾಳಿ ತೆಗೆದೆ. ಎಲ್ಲ ಸರಿಯಾಗಿತ್ತು. ಅಲ್ಲಿಗೆ ಸ್ಕ್ರೂ ಬಿಗಿದು ಕೈ ತೊಳೆದಿದ್ದರೆ ನಾನು ಒಳ್ಳೆಯ ಮಿಸ್ತ್ರಿ. ಆದರೆ ಅಕ್ಕೋರ ಆ ಬೆರಳು ಕಣ್ಣ ಮುಂದೆ ಬಂತು. ಇನ್ನೂ ಸ್ವಲ್ಪ ಹಗುರಾಗಲಿ, ಮುಟ್ಟಿದರೆ ಸಾಕು ಹಿಡಿಯಲಿ ಅನ್ನಿಸಿತು. ಲಿವರು ಒತ್ತಿ ಒತ್ತಿ ಪ್ಯಾಡುಗಳನ್ನು ತಟ್ಟೆಯ ಮಗ್ಗುಲಿಗೇ ತಂದೆ. ಹಾಗೆ ತಂದದ್ದರಿಂದ ಒಳಗಾದ ಜಾಗಕ್ಕೆ ಸಿರಿಂಜಿನಿಂದ ಇನ್ನೊಂದಿಷ್ಟು ಎಣ್ಣೆ ತಳ್ಳಿದೆ. ಮುಂದಿನದಕ್ಕೂ ಹಿಂದಿನದಕ್ಕೂ. ಶೇಠರ ಎರಡು ಪಂಪಿನ ಹಾಗೆ, ಪ್ರೀತಿಯ ಕೊಸರು. ಲಿವರು ಕಲ್ಲಿನಂತಾಯಿತು. ಅಕ್ಕೋರು ಒತ್ತಿ ನೋಡಿ, "ಭಾಳ ಛಲೋ ಆತ್ರಿ ಶರಣಪ್ಪಣ್ಣ," ಎಂದು ಖುಷಿಯಿಂದ ಹೋದರು.

ಎರಡು ವಾರದ ಮೇಲೆ ಒಂದು ಮುಂಜಾನೆ ಅವರ ಯಜಮಾನರು ಆ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಅಕ್ಕೋರು ಹಿಂದೆ ನಡೆದು ಬರುತ್ತಿದ್ದರು. ಕೋಲು ಹಿಡಿದಿದ್ದರು. ಆ ಕೋಲನ್ನು ಬಿಟ್ಟು ಅವರು ಎಷ್ಟೋ ದಿನವಾಗಿತ್ತು.

"ಇದನ್ನ ಯಾರಿಗರೆ ಉಪಯೋಗ ಆಗೋರಿಗೆ ಕೊಟ್ಟುಬಿಡ್ರಿ ಅಣ್ಣಾರ," ಎಂದರು ಅಕ್ಕೋರು. "ನಿಮ್ಮ ಬ್ರೇಕ್ ಛಲೋ ಅದ. ನನ್ನ ಕಾಲೇ ಕೆಟ್ಟಾವ."

ಬೇಸಿಗೆಯಲ್ಲಿ ನಮ್ಮ ಕಡೆ ಶಾಲೆ ಮುಂಜಾನೆ ಹೊತ್ತಿನದು. ಹೋಗುವಾಗ ತಂಪಿನಲ್ಲಿ ಸರಾಗ ಹೋಗುತ್ತಿದ್ದರಂತೆ. ಶಾಲೆ ಬಿಟ್ಟ ಮೇಲೆ ರಣ ಬಿಸಿಲಿನಲ್ಲಿ ಹೊರಟರೆ ಪೆಡಲು ಒತ್ತಲು ಆಗುತ್ತಿರಲಿಲ್ಲ. ಒಂದೆರಡು ದಿನ ಬಿಸಿಲಿನ ದಣಿವು ಎಂದುಕೊಂಡರು. ಮೂರನೆಯ ದಿನ ಬಲಗಾಲು ಗಡಗಡ ನಡುಗಿತು. ದಾರಿಯಲ್ಲಿ ಬೇವಿನ ಮರದ ಬುಡಕ್ಕೆ ಕೂತು, ಮತ್ತೆ ಲಕ್ವಾ ಹೊಡೆಯುತ್ತಿದೆ ಎಂದು ತಾವೇ ತೀರ್ಮಾನ ಮಾಡಿದರು. ಯಾರೋ ಟಂಟಂ ಆಟೋದಲ್ಲಿ ಸೈಕಲ್ ಸಮೇತ ಮನೆಗೆ ತಂದುಬಿಟ್ಟರು. ಅಲ್ಲಿಂದ ಎಂಟು ದಿನ ಹಾಸಿಗೆ. ಡಾಕ್ಟರ್ ನಾಗನಾಥರು ಪರೀಕ್ಷೆ ಮಾಡಿ, ಕಾಲಿನಲ್ಲಿ ಏನೂ ಬದಲಾಗಿಲ್ಲ ಎಂದರೂ ಅಕ್ಕೋರು ನಂಬಲಿಲ್ಲ. ಕಾಲು ಅವರದು, ಭಾರ ಗೊತ್ತಾದದ್ದು ಅವರಿಗೆ.

ನಾನು ಏನು ಮಾಡಿದೆ ಗೊತ್ತೆ? ಚಕ್ರ ಎತ್ತಿ ತಿರುವಿ ನೋಡಿದೆ. ಮುಂಜಾನೆಯ ತಂಪು, ಚಕ್ರ ಗಾಳಿಯಂತೆ ತಿರುಗಿತು. ಹಿಂದಿನದೂ ಹಾಗೆಯೇ. ಸೈಕಲ್ಲಿನಲ್ಲಿ ದೋಷವಿಲ್ಲ ಎಂದು ನಾನೂ ನಂಬಿದೆ. ನಂಬಿ ಸುಮ್ಮನಾಗದೆ, "ವಯಸ್ಸು ಆತಲ್ರಿ ಅಕ್ಕೋರೆ, ಎಷ್ಟಂತ ತಾಳ್ತದ ಮೈ? ಬಿಡ್ರಿ ಇನ್ನ," ಎಂದು ಸಮಾಧಾನ ಹೇಳಿದೆ. ಅವರು ತಲೆಯಾಡಿಸಿ, ಕೋಲೂರಿಕೊಂಡು ಹೋದರು. ನನ್ನ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಕೆಟ್ಟ ಮಾತು ಅದು.

ಅಂಗಡಿಯೊಳಗೆ ಜಾಗವಿಲ್ಲದೆ ಸೈಕಲ್ಲನ್ನು ಹೊರಗೆ ಗೋಡೆಗೆ ಒರಗಿಸಿದ್ದೆ. ಮರುದಿನ ಮಧ್ಯಾಹ್ನ ಎದುರು ಮನೆಯವರ ಕಡಪಾ ಕಲ್ಲಿನ ಗಾಡಿಗೆ ದಾರಿ ಬೇಕಾಯಿತು. ಸೈಕಲ್ ಸರಿಸಲು ಹೋದೆ. ಜಗ್ಗಲಿಲ್ಲ. ಯಾರೋ ಬೀಗ ಹಾಕಿದ್ದಾರೆ ಎಂದುಕೊಂಡು ಬಗ್ಗಿ ನೋಡಿದೆ. ಬೀಗ ಇರಲಿಲ್ಲ. ಲಿವರು ಮುಟ್ಟಿದರೆ ಬೆರಳು ಸುಟ್ಟಿತು. ಎರಡೂ ಚಕ್ರಗಳನ್ನು ಪ್ಯಾಡು ಕಚ್ಚಿ ಹಿಡಿದಿದ್ದವು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಹಿಗ್ಗಲೆಂದೇ ಲಿವರಿನ ಬುಡದ ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಆ ಜಾಗವನ್ನು ನನ್ನ ಕೊಸರು ತುಂಬಿತ್ತು. ಎಣ್ಣೆಗೆ ಹೋಗಲು ಬೇರೆ ದಾರಿ ಇಲ್ಲದೆ ಪಿಸ್ಟನ್ನನ್ನು ತಳ್ಳಿ ಬ್ರೇಕ್ ಹಿಡಿದಿತ್ತು. ಶಾಲೆಯ ಅಂಗಳದಲ್ಲಿ ಸೈಕಲ್ ಬಿಸಿಲಿಗೆ ಕಾಯುತ್ತಿತ್ತು, ಕಚ್ಚಿಕೊಂಡ ಬ್ರೇಕಿನ ಮೇಲೆಯೇ ಅಕ್ಕೋರು ಮನೆಯವರೆಗೆ ಪೆಡಲು ತುಳಿಯುತ್ತಿದ್ದರು. ಖಾತ್ರಿ ಮಾಡಿಕೊಳ್ಳಲು ಸೈಕಲ್ ಎತ್ತಿ ನೆರಳಿಗೆ ಇಟ್ಟು ಒದ್ದೆ ಗೋಣಿ ಹೊದಿಸಿದೆ. ಅರ್ಧ ತಾಸಿಗೆ ಚಕ್ರ ತಿರುಗಿತು. ಮತ್ತೆ ಬಿಸಿಲಿಗೆ ಇಟ್ಟೆ. ಮತ್ತೆ ಹಿಡಿಯಿತು.

ಕಾಶೀಬಾಯಿಗೆ ಹೇಳಿದೆ. ಹೆಚ್ಚಿನ ಎಣ್ಣೆ ತೆಗೆದು, ಬ್ರೇಕ್ ಇನ್ನೂ ಸುಧಾರಿಸಿದ್ದೇನೆ, ಒಮ್ಮೆ ಹೊಡೆದು ನೋಡಿ ಎಂದು ಅಕ್ಕೋರಿಗೆ ಕೊಟ್ಟುಬಿಟ್ಟರೆ ಹೇಗೆ ಎಂದು ಕೇಳಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಳಂದದಲ್ಲಿ ಆ ಬ್ರೇಕ್ ತಿಳಿದವನು ನಾನೊಬ್ಬನೇ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. "ಬ್ರೇಕ್ ಸುಧಾರಸ್ತದ್ರಿ. ಅಕ್ಕೋರ ಮನಸ್ಸಿನಾಗ ಕುಂತ ಲಕ್ವಾ ಯಾರು ತೆಗೀಬೇಕು? ನೀವ ಕೂಡ್ಸೀರಿ, ನೀವ ತೆಗೀರಿ."

ಮರುದಿನ ನಡು ಮಧ್ಯಾಹ್ನ ಎಣ್ಣೆಗೆ ಕೈ ಹಚ್ಚದೆ, ಸೈಕಲ್ ಇದ್ದ ಹಾಗೆಯೇ ಹೆಗಲ ಮೇಲೆ ಹೊತ್ತುಕೊಂಡು ಅವರ ಮನೆಗೆ ಹೋದೆ. ಓಣಿಯವರು ನಕ್ಕರು. ಅಕ್ಕೋರು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಯಜಮಾನರು ಪೇಪರ್ ಓದುತ್ತಿದ್ದರು. ಹೇಗೆ ಶುರು ಮಾಡಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಎಲ್ಲ ಮರೆತು ಹೋಯಿತು.

"ಅಕ್ಕೋರೆ, ನಿಮ್ಮ ಕಾಲು ಛಲೋ ಅದಾವ. ಕೆಟ್ಟದ್ದು ನನ್ನ ಕೈರಿ," ಎಂದೆ.

ಇಬ್ಬರಿಗೂ ತಿಳಿಯಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಅಕ್ಕೋರು ಪಾಠ ಒಪ್ಪಿಸುವವನನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದರು. "ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಹೇಳಾಕತ್ತೀರಿ," ಎಂದರು. "ಮಾಡಿ ತೋರಿಸ್ರಿ."

ಅಂಗಳದ ಬಿಸಿಲಿಗೆ ಸೈಕಲ್ ನಿಲ್ಲಿಸಿದೆವು. ಯಜಮಾನರು ಮಜ್ಜಿಗೆ ತಂದು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕೋರು ಕೋಲೂರಿಕೊಂಡು ಅಂಗಳಕ್ಕೆ ಇಳಿದು ಬಂದು ಮುಂದಿನ ಚಕ್ರವನ್ನು ಕೈಯಿಂದ ತಳ್ಳಿದರು. ತಿರುಗಲಿಲ್ಲ. ಎಡಗೈ, ಬಲಗೈ ಎರಡೂ ಹಾಕಿ ತಳ್ಳಿದರು. ತಿರುಗಲಿಲ್ಲ. ನಾನು ಲಿವರಿನ ಮೇಲಿನ ಸ್ಕ್ರೂ ಸಡಿಲಿಸಿದೆ. ಎಣ್ಣೆ ತಾನೇ ಉಕ್ಕಿ ಬಂತು. ಪ್ಯಾಡುಗಳನ್ನು ಪ್ಲಾಸ್ಟಿಕ್ ತುಂಡಿನಿಂದ ಹಿಂದಕ್ಕೆ ಒತ್ತಿದೆ. ನನ್ನ ಅಂಗೈ ಮೇಲೆ ಬಿದ್ದ ಹನಿಗಳನ್ನು ಅಕ್ಕೋರು ಬಾಯಿ ಬಿಟ್ಟು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಸ್ಕ್ರೂ ಬಿಗಿದೆ. ಅವರು ಚಕ್ರವನ್ನು ಬೆರಳ ತುದಿಯಿಂದ ಮುಟ್ಟಿದರು. ಅದು ತಿರುಗಿತು, ತಿರುಗುತ್ತಲೇ ಇತ್ತು.

"ನಾಕ ಹನಿ," ಎಂದರು. "ನಾಕ ಹನಿ ಎಣ್ಣೀಗೆ ಎಂಟು ದಿನ ಈ ಕಾಲಿಗೆ ಬೈದೇನ್ರಿ ನಾ. ಯಾಕರೆ ನನ್ನ ಸಂಗಾಟ ಅದೀಯ ಅಂದೇನಿ."

ಹಾಗೆಂದವರು ಬಾಗಿ ತಮ್ಮ ಬಲ ಮೊಣಕಾಲನ್ನು ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ನಾವು ಹಿರಿಯರ ಕಾಲು ಮುಟ್ಟಿ ಮಾಡುವ ಹಾಗೆ. ಯಜಮಾನರು ಎದ್ದು ಒಳಗೆ ಹೋದರು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಹಿಂದಿನ ಬ್ರೇಕಿನ ಸ್ಕ್ರೂ ಬಿಚ್ಚತೊಡಗಿದೆ. ಕಣ್ಣು ಮಂಜಾಗಿ ಪಾನಾ ಎರಡು ಸಲ ಜಾರಿತು.

"ನನಗ ನಿಮ್ಮ ಮ್ಯಾಲ ಭಾಳ ಸಿಟ್ಟು ಬರ್ಬೇಕಾಗ್ಯದ ಶರಣಪ್ಪಣ್ಣ," ಎಂದು ಹಿಂದಿನ ಚಕ್ರವೂ ತಿರುಗಿದ ಮೇಲೆ ಅವರು ಹೇಳಿದರು. "ಈಗ ಟೈಮಿಲ್ಲ. ನಾಳಿಗಿ ಬರ್ತೇನಿ." ಕೋಲನ್ನು ಗೋಡೆಗೆ ಒರಗಿಸಿ, ಸೈಕಲ್ ಏರಿ, ಆ ಸುಡು ಬಿಸಿಲಿನಲ್ಲಿ ಓಣಿ ಸುತ್ತಲು ಹೋದರು. ಯಜಮಾನರು ಟವೆಲ್ಲು ಹಿಡಿದು "ತಲೀಗರೆ ಸುತ್ಕೋ!" ಎಂದು ಹಿಂದೆ ಓಡಿದರು.

ಮರುದಿನ ಹೇಳಿದ ಹಾಗೆಯೇ ಬಂದರು. ಕಾಲು ಗಂಟೆ ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಿ ಬೈದರು. ಬೈಯುವಾಗ ಅವರೂ ನಿಂತೇ ಇದ್ದರು, ಕೋಲಿರಲಿಲ್ಲ. ಅಷ್ಟು ಸುಖವಾದ ಬೈಗುಳವನ್ನು ನಾನು ಶೇಠರಿಂದಲೂ ಉಂಡಿರಲಿಲ್ಲ.

ಆಮೇಲೆ ನಾನು ಕೊಸರು ಬಿಟ್ಟೆನೆ? ಇಲ್ಲ. ಗಾಳಿಗೆ, ಗ್ರೀಸಿಗೆ, ಮಾತಿಗೆ ಎಲ್ಲದಕ್ಕೂ ಹಾಕಿದ್ದೇನೆ. ಶೇಠರು ಕಲಿಸಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹೈಡ್ರಾಲಿಕ್ ಬ್ರೇಕಿಗೆ ಮಾತ್ರ ಗೆರೆ ಎಂದರೆ ಗೆರೆ. ಪಿಸ್ಟನ್ನು ಪೂರ್ತಿ ಹಿಂದೆ, ನಡುವೆ ತುಂಡು, ಲಿವರಿನ ಡಬ್ಬಿಯ ಗೆರೆಗೆ ಸರಿಯಾಗಿ ಎಣ್ಣೆ. ಕೆಲಸ ಮುಗಿದ ಮೇಲೆ ಬೇಸಿಗೆಯಾಗಿದ್ದರೆ ಸೈಕಲ್ಲನ್ನು ಒಂದು ತಾಸು ಬಿಸಿಲಿಗೆ ನಿಲ್ಲಿಸಿ, ಚಕ್ರ ತಿರುವಿ ನೋಡಿಯೇ ಕೊಡುವ ಪದ್ಧತಿಯನ್ನು ನಾನು ಆವತ್ತಿನಿಂದ ಹಚ್ಚಿದೆ. ಅಂಗಡಿಯಲ್ಲಿ ಈಗಲೂ ಅದು ನಡೆಯುತ್ತ ಬಂದಿದೆ. ಇನ್ನೊಂದು ಮಾತು. ಗಿರಾಕಿ ತನ್ನ ಮೈಯಲ್ಲೇ ದೋಷವಿದೆ ಎಂದರೂ ನೀವು ಮೊದಲು ನಿಮ್ಮ ಕೆಲಸವನ್ನು ನೋಡಿಕೊಳ್ಳಿ. ಅವರು ಯಾವ ಹೊತ್ತಿಗೆ, ಎಂಥ ಬಿಸಿಲಿನಲ್ಲಿ ತೊಂದರೆಯಾಯಿತು ಎನ್ನುತ್ತಾರೋ ಆ ಹೊತ್ತಿಗೇ, ಆ ಬಿಸಿಲಿನಲ್ಲೇ ನೋಡಿ.

ಅಂಗಡಿ ಒಪ್ಪಿಸುವ ದಿನ ಕೊನೆಯ ಕೆಲಸಕ್ಕೆ ಅಕ್ಕೋರ ಸೈಕಲ್ಲೇ ಬಂತು. ಅಷ್ಟು ಹೊತ್ತಿಗೆ ಅವರೂ ಶಾಲೆಯಿಂದ ನಿವೃತ್ತರಾಗಿದ್ದರು, ಸೈಕಲ್ಲಿನಿಂದ ಆಗಿರಲಿಲ್ಲ. ನಾನು ಪ್ಯಾಡು ಬಿಚ್ಚಿದೆ, ಪಿಸ್ಟನ್ನು ತಳ್ಳಿದೆ, ಸಿರಿಂಜು ಹಚ್ಚಿದೆ. ತಳ್ಳಲು ಹೋದರೆ ನನ್ನ ಬೆರಳು ನಡುಗಿ ಎಣ್ಣೆಯಲ್ಲಿ ಗುಳ್ಳೆ ಎದ್ದವು. ಎರಡು ಸಲ ಹಾಗಾಯಿತು. ಅಕ್ಕೋರು ನೋಡುತ್ತಿದ್ದರು.

"ಕೊಡ್ರಿ ಇಲ್ಲೆ," ಎಂದರು.

"ಕೈ ತೊಳ್ಕೊಂಡು ಬರ್ರಿ ಅಕ್ಕೋರೆ," ಎಂದೆ.

ಅವರು ನಕ್ಕು, ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಸಿರಿಂಜನ್ನು ಬಲಗೈಗೆ ತೆಗೆದುಕೊಂಡರು. ಆ ಕೈಗೆ ಜೋರು ಮಾಡಲು ಬರುವುದೇ ಇಲ್ಲ. ಈ ಕೆಲಸಕ್ಕೆ ಬೇಕಾದದ್ದೂ ಅಂಥ ಕೈಯೇ. ಎಣ್ಣೆ ನಿಧಾನವಾಗಿ ಏರಿತು. ನಾನು ಕೊಳವೆ ತಟ್ಟುತ್ತ ಹೋದೆ. ಒಂದೊಂದೇ ಗುಳ್ಳೆ ಮೇಲೆ ಬಂದು ಒಡೆಯಿತು, ಆಮೇಲೆ ಬರಲಿಲ್ಲ. ಸಾಕು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನಿಲ್ಲಿಸಿಯೇ ಬಿಟ್ಟಿದ್ದರು.

"ಗೆರೀಗಿ ನಿಂತದ್ರಿ," ಎಂದರು. "ಒಂದ ಹನಿನೂ ಹೆಚ್ಚಿಲ್ಲ."

ನಾನು ಬಗ್ಗಿ ನೋಡಿದೆ. ಹೆಚ್ಚಿರಲಿಲ್ಲ. ಸ್ಕ್ರೂ ಬಿಗಿದು, ಕೈ ತೊಳೆಯಲು ಎದ್ದೆ.